ವಿದೇಶಿ ನೆರವಿನ ಯೋಜನೆಯ ಮೌಲ್ಯಮಾಪನ: ಪ್ರಶ್ನಾವಳಿ ಬರುವುದು ಐದನೇ ಹಂತದಲ್ಲಿ

ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ನನಗೆ ಇಂಥದೊಂದು ಕರೆ ಬರುತ್ತದೆ. "ಮೇಡಂ, ಸಮೀಕ್ಷೆ ಮುಗಿಯಿತು. ನಾನೂರು ಮನೆಯ ಮಾಹಿತಿ ಎಕ್ಸೆಲ್‌ನಲ್ಲಿದೆ. ಯೋಜನೆಯಿಂದ ಎಷ್ಟು ಪರಿಣಾಮವಾಯಿತು ಎಂದು ಲೆಕ್ಕ ತೆಗೆದುಕೊಡುತ್ತೀರಾ? ಸೋಮವಾರ ದಾನಿಗಳಿಗೆ ಕಳಿಸಬೇಕು." ಕಡತ ತೆರೆದರೆ ಯೋಜನೆ ಶುರುವಾಗುವ ಮುಂಚಿನ ಅಂಕಿ ಇರುವುದಿಲ್ಲ, ಹೋಲಿಸಲು ಬೇರೆ ಊರು ಇರುವುದಿಲ್ಲ. ಪ್ರಶ್ನೆಗಳು ಮಾತ್ರ ಅರವತ್ತೆಂಟು. ಅವುಗಳಲ್ಲಿ ಐವತ್ತರ ಉತ್ತರ ಯಾರಿಗೂ ಬೇಕಿಲ್ಲ. ಸಂಸ್ಥೆ ಬದಲಾದರೂ ತಪ್ಪು ಅದೇ. ಐದನೆಯದಾಗಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ವಿವರಿಸಲು ಒಂದು ಕಲ್ಪಿತ ಯೋಜನೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ: ಪಾವಗಡದ ಕಡೆಯ ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ವಿದೇಶಿ ದಾನಿಯ ಹಣದಿಂದ 40 ಶುದ್ಧ ಕುಡಿಯುವ ನೀರಿನ ಘಟಕಗಳು. ಯೋಜನೆ ಕಲ್ಪಿತ, ತೊಂದರೆಗಳು ಕಲ್ಪಿತವಲ್ಲ.

ಎರಡು ಪದಗಳನ್ನು ಬೇರೆ ಬೇರೆಯಾಗಿಯೇ ಬಳಸಿ. ಘಟಕ ಇವತ್ತು ನಡೆಯುತ್ತಿದೆಯೇ, ಎಷ್ಟು ಲೀಟರ್ ಹೋಯಿತು ಎಂದು ವಾರವಾರವೂ ನೋಡುವುದು ಮೇಲ್ವಿಚಾರಣೆ. ಘಟಕ ಬಂದದ್ದರಿಂದ ಜನರ ಹೊಟ್ಟೆಗೆ ಹೋಗುವ ಫ್ಲೋರೈಡ್ ಕಡಿಮೆಯಾಯಿತೇ, ಅದು ಘಟಕದಿಂದಲೇ ಆಯಿತೇ ಎಂದು ಕೇಳುವುದು ಮೌಲ್ಯಮಾಪನ. ಮೊದಲನೆಯದರ ಅಂಕಿಯನ್ನು ಎರಡನೆಯದರ ಉತ್ತರವೆಂದು ಬರೆದ ವರದಿಗಳೇ ಹೆಚ್ಚು.

## ಹಂತ 1: ಯಾರು, ಯಾವ ನಿರ್ಧಾರ, ಯಾವಾಗ

ಒಂದು ಹಾಳೆ ತೆಗೆದುಕೊಳ್ಳಿ. ಈ ಮೌಲ್ಯಮಾಪನ ಮುಗಿದ ಮೇಲೆ ಯಾರು, ಯಾವ ದಿನಾಂಕದೊಳಗೆ, ಏನನ್ನು ತೀರ್ಮಾನಿಸಬೇಕಿದೆ ಎಂದು ಬರೆಯಿರಿ. ಉದಾಹರಣೆಗೆ: "ಮುಂದಿನ ಮಾರ್ಚ್‌ನೊಳಗೆ ದಾನಿ ಸಂಸ್ಥೆ ಇನ್ನೂ 60 ಘಟಕಗಳಿಗೆ ಹಣ ಕೊಡಬೇಕೋ, ಇರುವ 40ರ ನಿರ್ವಹಣೆಗೆ ಕೊಡಬೇಕೋ ತೀರ್ಮಾನಿಸುತ್ತದೆ." ಇಷ್ಟು ಖಚಿತವಾದ ವಾಕ್ಯ ಸಿಗದಿದ್ದರೆ ಸಮೀಕ್ಷೆ ಮಾಡಬೇಡಿ, ಆ ಹಣದಲ್ಲಿ ಎರಡು ಪಂಪ್ ರಿಪೇರಿ ಮಾಡಿಸಿ.

ಇಲ್ಲಿ ಎಡವಿಸುವುದು ದಾನಿಗಳ ಕಾರ್ಯಸೂಚಿ, ಅಂದರೆ ಮೌಲ್ಯಮಾಪಕರು ಏನೇನು ನೋಡಬೇಕೆಂದು ಅವರು ಬರೆದುಕೊಡುವ ಪಟ್ಟಿ. ಶ್ರೀಮಂತ ರಾಷ್ಟ್ರಗಳ ನೆರವು ಸಮಿತಿ 1991ರಲ್ಲಿ ಐದು ಮಾನದಂಡಗಳನ್ನು ಕೊಟ್ಟಿತು: ಪ್ರಸ್ತುತತೆ, ಗುರಿಸಾಧನೆ, ದಕ್ಷತೆ, ಪರಿಣಾಮ, ಬಾಳಿಕೆ. 2019ರಲ್ಲಿ ಆರನೆಯದಾಗಿ ಹೊಂದಾಣಿಕೆ ಸೇರಿತು. ಕಾರ್ಯಸೂಚಿ ಬರೆಯುವವರು ಆರನ್ನೂ ನಕಲು ಮಾಡಿ ಅಂಟಿಸುತ್ತಾರೆ, ಒಂದೊಂದರ ಕೆಳಗೆ ನಾಲ್ಕು ಪ್ರಶ್ನೆ ಸೇರಿಸುತ್ತಾರೆ. ಮೂರು ವಾರದ ಕ್ಷೇತ್ರಕಾರ್ಯದಲ್ಲಿ ಇಪ್ಪತ್ತನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. "ಇವುಗಳಲ್ಲಿ ನಿಮ್ಮ ನಿರ್ಧಾರಕ್ಕೆ ಬೇಕಾದ ಮೂರು ಯಾವುವು?" ಎಂದು ಪತ್ರ ಬರೆದು ಕೇಳಿ. ಸಂಕೋಚಪಡಬೇಡಿ, ನಾನು ಹೀಗೆ ಕೇಳಿದಾಗಲೆಲ್ಲ ಅವರು ನಿಟ್ಟುಸಿರು ಬಿಟ್ಟು ಒಪ್ಪಿದ್ದಾರೆ.

ಹಣದ ಮಾತನ್ನೂ ಈಗಲೇ ಮುಗಿಸಿ. ಯೋಜನಾ ವೆಚ್ಚದ ಶೇ. 5ರಿಂದ 10ರಷ್ಟನ್ನು ಈ ಕೆಲಸಕ್ಕೆ ಕೇಳುವುದು ರೂಢಿ. ಪ್ರಸ್ತಾವನೆಯಲ್ಲಿಯೇ ಪ್ರತ್ಯೇಕ ಸಾಲಾಗಿ ಅದು ಇರಲಿ. ಇಲ್ಲವಾದರೆ ಮೂರನೇ ವರ್ಷಕ್ಕೆ ಆ ಹಣ ಡೀಸೆಲ್ ಆಗಿ ಹೋಗಿರುತ್ತದೆ.

## ಹಂತ 2: ಹಣದಿಂದ ಬದಲಾವಣೆಯವರೆಗಿನ ಸರಪಳಿ

ಗೋಡೆಗೆ ದೊಡ್ಡ ಕಾಗದ ಅಂಟಿಸಿ ಕೊಂಡಿಗಳನ್ನು ಒಂದೊಂದಾಗಿ ಬರೆಯಿರಿ. ಘಟಕ ಕಟ್ಟುತ್ತೇವೆ, ಅದು ನಡೆಯುತ್ತದೆ, ಮನೆಯವರು ಬಂದು ನೀರು ಒಯ್ಯುತ್ತಾರೆ, ಅದನ್ನೇ ಕುಡಿಯುತ್ತಾರೆ, ಅದರಲ್ಲೇ ಅಡುಗೆ ಮಾಡುತ್ತಾರೆ, ದೇಹಕ್ಕೆ ಹೋಗುವ ಫ್ಲೋರೈಡ್ ಇಳಿಯುತ್ತದೆ. ಬಳಿಕ ಎರಡು ಕೊಂಡಿಗಳ ನಡುವೆ "ಇದು ಆಗಬೇಕಾದರೆ ಏನು ನಿಜವಾಗಿರಬೇಕು?" ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ಸಮೀಕ್ಷೆ ನೋಡಬೇಕಾದದ್ದು ಆ ಕೆಂಪು ಸಾಲುಗಳನ್ನು.

ಇಂಥ ಒಂದು ಘಟಕದ ಮುಂದೆ ನಾನು ಒಮ್ಮೆ ಒಂದು ಬೆಳಗ್ಗೆ ಪೂರ್ತಿ ಕುಳಿತಿದ್ದೆ. ಹೊಸ ಬಣ್ಣ, ಉದ್ಘಾಟನೆಯ ಕಲ್ಲು, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಯಂತ್ರ, ಎಲ್ಲವೂ ಇತ್ತು. ಬಂದವರು ಬಹುತೇಕ ಬೈಕಿನ ಗಂಡಸರು. ಹಿಂದಿನ ಸೀಟಿನ ಮೇಲೆ ಕ್ಯಾನ್ ಇಟ್ಟುಕೊಂಡು ಹೊರಟರು. ಕೂಲಿಗೆ ಹೋಗುವ ಹೆಂಗಸರು ಹಳೆಯ ಕೈಪಂಪಿನ ಬಳಿಯೇ ಸರತಿ ನಿಂತಿದ್ದರು. ಕಾರಣ ಕೇಳಿದಾಗ ಒಬ್ಬರು ಬಾಗಿಲ ಬೀಗ ತೋರಿಸಿದರು. ಘಟಕ ತೆರೆಯುವುದು ಏಳು ಗಂಟೆಗೆ, ಅವರ ಟ್ರ್ಯಾಕ್ಟರ್ ಹೊರಡುವುದು ಆರೂವರೆಗೆ. ಇನ್ನೊಬ್ಬರು ಕ್ಯಾನನ್ನು ತಲೆಯ ಮೇಲೆ ಇಡುವ ಅಭಿನಯ ಮಾಡಿ ನಕ್ಕರು. ಕೊಡದಂತೆ ಅದು ಸೊಂಟದಲ್ಲೂ ಕೂರುವುದಿಲ್ಲ, ಸಿಂಬಿಯ ಮೇಲೂ ನಿಲ್ಲುವುದಿಲ್ಲ. ವರದಿಯಲ್ಲಿ ಆ ಊರಿನ ಅಷ್ಟೂ ಜನಸಂಖ್ಯೆ "ಫಲಾನುಭವಿಗಳು" ಎಂದು ದಾಖಲಾಗಿತ್ತು.

ಕೆಂಪು ಸಾಲು ಬರೆಯದೆ ಕೆಟ್ಟದ್ದಕ್ಕೆ ದೊಡ್ಡ ಉದಾಹರಣೆ ಬಾಂಗ್ಲಾದೇಶದ ಸಮಗ್ರ ಪೌಷ್ಟಿಕಾಂಶ ಯೋಜನೆ. 1990ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಅದಕ್ಕೆ ನಮ್ಮ ತಮಿಳುನಾಡಿನ ಯಶಸ್ವಿ ಯೋಜನೆಯೇ ಮಾದರಿ. ತಾಯಂದಿರಿಗೆ ತಿಳಿವಳಿಕೆ ಕೊಟ್ಟರೆ ಮಗುವಿನ ಊಟ ಸುಧಾರಿಸುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಆದರೆ ಅಲ್ಲಿನ ಅನೇಕ ಮನೆಗಳಲ್ಲಿ ಸಂತೆಗೆ ಹೋಗಿ ಸಾಮಾನು ತರುವವರು ಗಂಡಸರು, ಯಾರಿಗೆ ಎಷ್ಟು ಬಡಿಸಬೇಕೆಂದು ಹೇಳುವವರು ಅತ್ತೆ. ತಿಳಿವಳಿಕೆ ಪಡೆದ ಸೊಸೆಯ ಕೈಯಲ್ಲಿ ಸೌಟೇ ಇರಲಿಲ್ಲ. ವಿಶ್ವಬ್ಯಾಂಕಿನದೇ ಮೌಲ್ಯಮಾಪನ ವಿಭಾಗ ಇದನ್ನು ಗುರುತಿಸುವ ಹೊತ್ತಿಗೆ ಯೋಜನೆ ಮುಗಿದಿತ್ತು.

## ಹಂತ 3: ಸೂಚಕಗಳು, ಹಾನಿಯದನ್ನೂ ಸೇರಿಸಿ

ಪ್ರತಿ ಕೊಂಡಿಗೆ ಒಂದು ಸೂಚಕ, ಹೆಚ್ಚೆಂದರೆ ಎರಡು. ಏನನ್ನು, ಯಾವ ಸಾಧನದಿಂದ, ಯಾರು, ಎಷ್ಟು ಸಲ ಅಳೆಯುತ್ತಾರೆ ಎಂದು ಎದುರಿಗೇ ಬರೆಯಿರಿ. "ಆರೋಗ್ಯದಲ್ಲಿ ಸುಧಾರಣೆ" ಸೂಚಕವಲ್ಲ. "ಮನೆಯ ಕುಡಿಯುವ ನೀರಿನ ಕೊಡದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂಗಿಂತ ಕಡಿಮೆ ಇರುವ ಮನೆಗಳ ಶೇಕಡಾವಾರು" ಸೂಚಕ. ನಲ್ಲಿಯ ಬಾಯಲ್ಲಿ ಅಳೆಯುವುದು ಸುಲಭವೆಂದು ಅಲ್ಲಿಗೇ ನಿಲ್ಲಬೇಡಿ. ಜನ ಕುಡಿಯುವುದು ಮನೆಯೊಳಗಿನ ಕೊಡದಿಂದ.

ತಲೆ ಎಣಿಕೆಯಲ್ಲಿ ಎಚ್ಚರವಿರಲಿ. ಮೂರು ತರಬೇತಿಗೆ ಬಂದ ಒಬ್ಬ ಮಹಿಳೆ ಮೂರು ಫಲಾನುಭವಿಗಳಾಗಿ ದಾನಿಯ ವಾರ್ಷಿಕ ವರದಿ ಸೇರುವುದನ್ನು ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಪ್ರತಿ ವ್ಯಕ್ತಿಗೂ ಒಂದೇ ಗುರುತಿನ ಸಂಖ್ಯೆ ಕೊಟ್ಟರೆ ಈ ರೋಗ ವಾಸಿಯಾಗುತ್ತದೆ. ಆಧಾರ್ ಸಂಖ್ಯೆ ಬೇಡ, ನಿಮ್ಮದೇ ಸಂಖ್ಯೆ ಸಾಕು.

ಎಲ್ಲರೂ ಬಿಡುವುದು ಹಾನಿಯ ಸೂಚಕವನ್ನು. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೊಳವೆಬಾವಿಗಳನ್ನು ಹಾಕಿಸಿದವು. ಕೆರೆಕುಂಟೆಯ ನೀರಿನಿಂದ ಬರುವ ಭೇದಿ ತಪ್ಪಿಸುವುದು ಉದ್ದೇಶ. ಎಷ್ಟು ಬಾವಿ ಎಂಬ ಎಣಿಕೆ ಇತ್ತು. ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ನೋಡುವುದು ಪಟ್ಟಿಯಲ್ಲಿರಲಿಲ್ಲ. 1993ರಲ್ಲಿ ಅದು ಪತ್ತೆಯಾದ ಮೇಲೆ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದವಕ್ಕೆ ಕೆಂಪು, ಇಲ್ಲದವಕ್ಕೆ ಹಸಿರು ಬಣ್ಣ ಬಳಿಯಬೇಕಾಯಿತು. ನಮ್ಮ ಉದಾಹರಣೆಯಲ್ಲಿ ಹಾನಿಯ ಸೂಚಕ ಯಾವುದು? ಶುದ್ಧ ನೀರನ್ನು ಬೇರ್ಪಡಿಸಿದ ಮೇಲೆ ಘಟಕ ಹೊರಹಾಕುವ ಉಳಿಕೆ ನೀರು. ಅದರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅದು ಚರಂಡಿಗೋ, ಕುಂಟೆಗೋ, ದನದ ತೊಟ್ಟಿಗೋ ಹೋಗುತ್ತದೆ, ಎಲ್ಲಿಗೆಂದು ದಾಖಲಿಸಿ.

## ಹಂತ 4: ಮುಂಚಿನ ಅಂಕಿ, ಹೋಲಿಕೆಯ ಊರು, ಮಾದರಿ

ಮೊದಲ ಇಟ್ಟಿಗೆ ಇಡುವ ಮುಂಚೆ ಬೇಸ್‌ಲೈನ್ ಸಮೀಕ್ಷೆ ಆಗಬೇಕು. ಘಟಕ ಬಂದು ವರ್ಷವಾದ ಮೇಲೆ "ಹಿಂದಿನ ವರ್ಷ ಯಾವ ನೀರು ಕುಡಿಯುತ್ತಿದ್ದಿರಿ?" ಎಂದು ಕೇಳುವುದು ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಋತುವನ್ನೂ ಗಮನಿಸಿ: ಬೇಸ್‌ಲೈನ್ ಏಪ್ರಿಲ್‌ನಲ್ಲಾದರೆ ಅಂತಿಮ ಸಮೀಕ್ಷೆಯೂ ಏಪ್ರಿಲ್‌ನಲ್ಲೇ ಆಗಬೇಕು. ಬೇಸಿಗೆಯ ಅಂಕಿಯನ್ನು ಮಳೆಗಾಲದ ಅಂಕಿಗೆ ಹೋಲಿಸಿದರೆ ನೀವು ಅಳೆದದ್ದು ಮುಂಗಾರನ್ನು.

ಹೋಲಿಕೆಯ ಊರು ಏಕೆ ಬೇಕು? ಕೀನ್ಯಾದ ಸೌರಿ ಎಂಬಲ್ಲಿ ಆರಂಭವಾದ, ಆಫ್ರಿಕಾದ ಬಡ ಊರುಗಳಿಗೆ ನೆರವು ಕೊಡುವ ಸಹಸ್ರಮಾನ ಗ್ರಾಮಗಳ ಯೋಜನೆ ತನ್ನ ಊರುಗಳಲ್ಲಿ ಮೊಬೈಲ್ ಇರುವ ಮನೆಗಳು ಹೆಚ್ಚಿದ್ದನ್ನೂ ಸಾಧನೆಯಾಗಿ ತೋರಿಸಿತ್ತು. ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬಿನ್ಸ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಸುತ್ತಲಿನ ಪ್ರದೇಶದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಯೋಜನೆ ಕಾಲಿಡದ ಕಡೆಯೂ ಮೊಬೈಲ್ ಏರಿತ್ತು. ನಮ್ಮಲ್ಲೂ ಇಂಥದ್ದು ಕಣ್ಣೆದುರೇ ಇದೆ: 2019ರಿಂದ ಜಲ ಜೀವನ್ ಮಿಷನ್ ಅಡಿ 'ಮನೆ ಮನೆಗೆ ಗಂಗೆ' ನಲ್ಲಿಗಳು ಬರುತ್ತಿವೆ. ಆ ಬದಲಾವಣೆಯನ್ನೂ ನಿಮ್ಮ ಘಟಕದ ಖಾತೆಗೆ ಬರೆದುಕೊಳ್ಳಬಾರದು.

ಹೋಲಿಕೆಗೆಂದೇ ಯಾರಿಗೂ ನೀರು ತಪ್ಪಿಸಬೇಕಿಲ್ಲ. 40 ಘಟಕಗಳನ್ನು ಒಂದೇ ವರ್ಷದಲ್ಲಿ ಕಟ್ಟಲು ಆಗುವುದಿಲ್ಲವಲ್ಲ. ಚೀಟಿ ಎತ್ತಿ 20 ಊರುಗಳನ್ನು ಮೊದಲ ವರ್ಷಕ್ಕೆ, ಉಳಿದವನ್ನು ಎರಡನೇ ವರ್ಷಕ್ಕೆ ಇಡಿ. ಕಾಯುತ್ತಿರುವ ಊರುಗಳೇ ಹೋಲಿಕೆಯ ಊರುಗಳು. ಲೆಕ್ಕವೂ ಸರಳ. ಘಟಕ ಬಂದ ಊರುಗಳಲ್ಲಿ ಸುರಕ್ಷಿತ ನೀರಿನ ಮನೆಗಳು ಶೇ. 30ರಿಂದ 60ಕ್ಕೆ ಏರಿವೆ, ಕಾಯುವ ಊರುಗಳಲ್ಲಿ 28ರಿಂದ 50ಕ್ಕೆ ಏರಿವೆ ಎಂದುಕೊಳ್ಳಿ. ನಿಮ್ಮ ಪಾಲು ಮೂವತ್ತಲ್ಲ. ಮೂವತ್ತರಲ್ಲಿ ಇಪ್ಪತ್ತೆರಡನ್ನು ಕಳೆದರೆ ಉಳಿಯುವ ಎಂಟು.

ಮಾದರಿಯ ಗಾತ್ರದ ಬಗ್ಗೆ, ಅಂದರೆ ಎಷ್ಟು ಮನೆಗಳನ್ನು ಕೇಳಬೇಕೆಂಬ ಬಗ್ಗೆ, ಒಂದು ಮೂಢನಂಬಿಕೆ ಹಬ್ಬಿದೆ: 384 ಮನೆ ಸಾಕು ಎಂದು. ನೂರರಲ್ಲಿ 95 ಸಲ ನಮ್ಮ ಉತ್ತರ ನಿಜವಾದ ಶೇಕಡಾವಾರಿಗಿಂತ ಐದು ಅಂಶ ಹೆಚ್ಚುಕಡಿಮೆಯೊಳಗೇ ಇರುತ್ತದೆ ಎಂಬ ಆ ಲೆಕ್ಕ ಸರಿಯಾಗುವುದು ಇಡೀ ಪ್ರದೇಶದಿಂದ ಒಂದೊಂದು ಮನೆಯನ್ನೂ ಬಿಡಿಬಿಡಿಯಾಗಿ ಆರಿಸಿದಾಗ. ನಾವು ಮೊದಲು ಊರು ಆರಿಸಿ, ಆ ಊರಿನೊಳಗೆ ಮನೆಗಳನ್ನು ಆರಿಸುತ್ತೇವೆ. ಒಂದೇ ಊರಿನವರು ಒಂದೇ ಬಾವಿಯ ನೀರು ಕುಡಿಯುತ್ತಾರೆ. ಹದಿನಾರು ಮನೆ ಕೇಳಿದರೂ ಸಿಗುವ ಸುದ್ದಿ ಎಂಟು ಮನೆಯಷ್ಟು. ಸಾಮಾನ್ಯವಾಗಿ ಈ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಳ್ಳುವುದು, ಅಂದರೆ 770ರ ಆಸುಪಾಸು, ಕ್ಷೇಮ. ಹಣವಿಲ್ಲದಿದ್ದರೆ ಊರು ಹೆಚ್ಚಿಸಿ, ಊರಿಗೆ ಕೇಳುವ ಮನೆ ಕಡಿಮೆ ಮಾಡಿ. ಎರಡು ಗುಂಪುಗಳ ನಡುವಿನ ಎಂಟರಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ಇದಕ್ಕಿಂತಲೂ ದೊಡ್ಡ ಮಾದರಿ ಬೇಕಾದೀತು. ಈ ಒಂದು ಲೆಕ್ಕಕ್ಕೆ ಸಂಖ್ಯಾಶಾಸ್ತ್ರ ಬಲ್ಲವರಿಗೆ ಅರ್ಧ ದಿನದ ಸಂಭಾವನೆ ಕೊಡಿ.

ಮನೆ ಆರಿಸುವ ಕೆಲಸ ಕಚೇರಿಯಲ್ಲೇ ಮುಗಿಯಲಿ. ಸಮೀಕ್ಷಕರಿಗೆ ಬಿಟ್ಟರೆ ಡಾಂಬರು ರಸ್ತೆಯ ಪಕ್ಕದ, ನಾಯಿ ಇಲ್ಲದ, ಕುರ್ಚಿ ಕೊಡುವ ಮನೆಗಳೇ ಬರುತ್ತವೆ. ಊರ ಹೊರಗಿನ ಕೇರಿ ಬರುವುದಿಲ್ಲ. ಮನೆಗಳ ಪಟ್ಟಿಗೆ ಕ್ರಮಸಂಖ್ಯೆ ಹಾಕಿ, ಎಕ್ಸೆಲ್‌ನ ಯಾದೃಚ್ಛಿಕ ಸಂಖ್ಯೆಯಿಂದ ಆರಿಸಿ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗಬೇಕು, ಅದರಲ್ಲಿ ಒಮ್ಮೆ ಸಂಜೆ. "ಪಕ್ಕದ ಮನೆ ಮಾಡಿದೆವು" ಎಂಬುದಕ್ಕೆ ಅನುಮತಿಯಿಲ್ಲ, ಏಕೆಂದರೆ ಬೀಗ ಹಾಕಿದ್ದು ಕೂಲಿಗೆ ಹೋದ ಮನೆ, ಪಕ್ಕದ್ದು ಹೋಗಬೇಕಿಲ್ಲದ ಮನೆ.

## ಹಂತ 5: ಈಗ ಪ್ರಶ್ನಾವಳಿ

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಯಾವ ಸೂಚಕಕ್ಕೆ ಎಂದು ಬರೆಯಿರಿ. ಸೂಚಕವಿಲ್ಲದ ಪ್ರಶ್ನೆಯನ್ನು ಹೊಡೆದುಹಾಕಿ. "ಇರಲಿ, ಮುಂದೆ ಉಪಯೋಗಕ್ಕೆ ಬರುತ್ತದೆ" ಎಂದು ಉಳಿಸಿಕೊಂಡ ಪ್ರಶ್ನೆ ಮುಂದೆ ಉಪಯೋಗಕ್ಕೆ ಬಂದದ್ದನ್ನು ನಾನು ನೋಡಿಲ್ಲ. ಮುಕ್ಕಾಲು ಗಂಟೆ ದಾಟಿದರೆ ಉತ್ತರಿಸುವವರ ಕಣ್ಣು ಒಲೆಯ ಕಡೆ ಹೋಗುತ್ತದೆ, ಆಮೇಲೆ ಎಲ್ಲದಕ್ಕೂ "ಹೂಂ".

ಪದಗಳ ಮೇಲೆ ಸಮಯ ಖರ್ಚು ಮಾಡಿ. "ನೀವು ಶುದ್ಧ ನೀರು ಕುಡಿಯುತ್ತೀರಾ?" ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ತಿಳಿಯಾಗಿ ಕಂಡ ನೀರೆಲ್ಲ ಅವರಿಗೆ ಶುದ್ಧವೇ. ಘಟಕದ ನೀರನ್ನು ಜನ 'ಫಿಲ್ಟರ್ ನೀರು' ಎನ್ನುತ್ತಾರೆ, ಅದೇ ಪದ ಬಳಸಿ. ಹೀಗೆ ಕೇಳಿ: "ನಿನ್ನೆ ಕುಡಿಯಲು ತಂದ ನೀರು ಎಲ್ಲಿಯದು? ಆ ಪಾತ್ರೆ ತೋರಿಸುತ್ತೀರಾ? ನಿನ್ನೆ ಮುದ್ದೆಗೆ ಎಸರಿಟ್ಟದ್ದು ಯಾವ ನೀರಿನಿಂದ?" ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಕುಡಿಯಲು ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು ಎಂದಾದರೆ ಫ್ಲೋರೈಡ್ ಅನ್ನದ ಮೂಲಕ ಹೋಗುತ್ತಲೇ ಇರುತ್ತದೆ.

ಪಾವಗಡದ ಕಡೆ ಅನೇಕರ ಮನೆಮಾತು ತೆಲುಗು. ಪ್ರಶ್ನಾವಳಿ ಕನ್ನಡದಲ್ಲಿ ಮಾತ್ರ ಇದ್ದರೆ ಎಂಟು ಸಮೀಕ್ಷಕರು ಸ್ಥಳದಲ್ಲೇ ಎಂಟು ಬಗೆಯ ಅನುವಾದ ಮಾಡುತ್ತಾರೆ. ತೆಲುಗು ಪ್ರತಿ ಬರೆಸಿ, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಎರಡನ್ನೂ ತಾಳೆ ನೋಡಿ. ಹೊರದೇಶದ ಕೆಲಸಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಸ್ವಾಹಿಲಿ ಮಾತನಾಡುವ ಕಡೆ ಗಂಟೆಯ ಎಣಿಕೆ ಸೂರ್ಯೋದಯದಿಂದ. 'ಸಾ ಮ್ಬಿಲಿ ಅಸುಬುಹಿ' ಪದಶಃ ಬೆಳಗಿನ ಎರಡು ಗಂಟೆ, ನಮ್ಮ ಗಡಿಯಾರದಲ್ಲಿ ಎಂಟು. ನೀರಿಗೆ ಹೋಗುವ ಹೊತ್ತನ್ನು ಹಾಗೆಯೇ ಬರೆದುಕೊಂಡರೆ, ಹೆಂಗಸರು ನಡುರಾತ್ರಿ ನೀರಿಗೆ ಹೋಗುತ್ತಾರೆ ಎಂಬ ಕರುಣಾಜನಕ ವರದಿ ತಯಾರಾಗುತ್ತದೆ.

ಅಳತೆಗಳೂ ಹೀಗೆಯೇ. 'ಚೀಲ' ಎಂದರೆ ಎಷ್ಟು ಕಿಲೋ? ಬೆಳೆಗೆ ತಕ್ಕಂತೆ, ಊರಿಗೆ ತಕ್ಕಂತೆ ಬೇರೆ. ಕೀನ್ಯಾದಲ್ಲಿ ಮೆಕ್ಕೆಜೋಳದ ಚೀಲ 90 ಕಿಲೋ. 'ಮನೆ' ಎಂದರೆ ಸೂರೋ, ಒಲೆಯೋ? ಜನಗಣತಿಯಂತೆ ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ ಎಂದು ಇಟ್ಟುಕೊಂಡರೆ ಜಗಳ ತಪ್ಪುತ್ತದೆ.

ಬಳಿಕ ಮಾದರಿಗೆ ಸೇರದ ಒಂದು ಊರಿನಲ್ಲಿ ಇಪ್ಪತ್ತು ಮನೆಗಳ ಪೂರ್ವಪರೀಕ್ಷೆ. ಇದನ್ನು ಬಿಟ್ಟವರು ಬೇಸ್‌ಲೈನ್ ಅನ್ನೇ ಪೂರ್ವಪರೀಕ್ಷೆಯಾಗಿ ಬಳಸಿದಂತೆ.

## ಹಂತ 6: ಸಲಕರಣೆ, ಸಮೀಕ್ಷಕರು, ಮರುತಪಾಸಣೆ

ಬೇಕಾದವು ಹೆಚ್ಚಿಲ್ಲ. ಸಾಧಾರಣ ಆ್ಯಂಡ್ರಾಯ್ಡ್ ಫೋನ್‌ಗಳು, ಕೋಬೋ ಟೂಲ್‌ಬಾಕ್ಸ್ ಅಥವಾ ಓಡಿಕೆ (ಫೋನಿನಲ್ಲೇ ಉತ್ತರ ದಾಖಲಿಸುವ ತಂತ್ರಾಂಶಗಳು. ಎರಡೂ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತವೆ, ಕನ್ನಡ ಲಿಪಿ ತೋರಿಸುತ್ತವೆ), ಪವರ್ ಬ್ಯಾಂಕ್, ಫ್ಲೋರೈಡ್ ಪರೀಕ್ಷಾ ಕಿಟ್, ನೀರಿನ ಮಾದರಿಗೆ ಲೇಬಲ್ ಹಚ್ಚಿದ ಪ್ಲಾಸ್ಟಿಕ್ ಬಾಟಲಿ, ಸಮ್ಮತಿ ಪತ್ರ. ಸಮ್ಮತಿಯನ್ನು ಓದಿ ಹೇಳಿ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೆಸರು, ಫೋನ್ ಸಂಖ್ಯೆಗಳ ಕಡತವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವ ಅಭ್ಯಾಸ ನಿಲ್ಲಲೇಬೇಕು.

ಘಟಕ ನಡೆಸುವ ಸಿಬ್ಬಂದಿಯನ್ನೇ ಸಮೀಕ್ಷಕರನ್ನಾಗಿ ಕಳಿಸಬೇಡಿ. ನೀರು ಕೊಡುವವನೇ ಬಂದು ನೀರು ಹೇಗಿದೆ ಎಂದು ಕೇಳಿದರೆ "ಚೆನ್ನಾಗಿದೆಯಪ್ಪಾ" ಎಂಬುದು ಮರ್ಯಾದೆಯ ಮಾತು.

ಪ್ರತಿ ಸಮೀಕ್ಷಕರ ಹತ್ತರಲ್ಲಿ ಒಂದು ಮನೆಗೆ ಎರಡು ಮೂರು ದಿನದೊಳಗೆ ಬೇರೊಬ್ಬರು ಹೋಗಿ, ಬದಲಾಗಲು ಸಾಧ್ಯವಿಲ್ಲದ ಐದು ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಹೀಗೆ ಆಗುತ್ತದೆಂದು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಅರ್ಧ ಕಳ್ಳತನ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ರಾತ್ರಿ ಆ ದಿನದ ಮಾಹಿತಿ ತೆರೆದು ಈ ಲಕ್ಷಣಗಳನ್ನು ಹುಡುಕಿ:

- ಮುಕ್ಕಾಲು ಗಂಟೆಯ ಸಂದರ್ಶನ ಹನ್ನೊಂದು ನಿಮಿಷದಲ್ಲಿ ಮುಗಿದಿದೆ.
- ಹತ್ತು ಮನೆಗಳ ಜಿಪಿಎಸ್ ಬಿಂದು ಒಂದೇ ಚಹಾ ಅಂಗಡಿಯ ಮೇಲೆ ಬಿದ್ದಿದೆ.
- ವಯಸ್ಸುಗಳೆಲ್ಲ 30, 35, 40, 45. ಹಳ್ಳಿಯಲ್ಲಿ ಸ್ವಲ್ಪ ಮಟ್ಟಿಗೆ ಇದು ಸಹಜ. ಒಬ್ಬರ ಫೋನಿನಲ್ಲಿ ಮಾತ್ರ ಹೀಗಿದ್ದರೆ ಸಹಜವಲ್ಲ.
- "ಗೊತ್ತಿಲ್ಲ" ಎಂಬ ಉತ್ತರ ಒಂದೂ ಇಲ್ಲ.
- "ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರೆಯೇ?" ಎಂಬುದಕ್ಕೆ ಎಲ್ಲ ಕಡೆ "ಇಲ್ಲ". ಹೌದೆಂದರೆ ಇನ್ನೂ ಹನ್ನೆರಡು ಪ್ರಶ್ನೆ ತೆರೆದುಕೊಳ್ಳುತ್ತವೆ ಎಂದು ಅವರು ಎರಡನೇ ದಿನವೇ ಕಲಿತಿದ್ದಾರೆ.

ಕೊನೆಯದು ನನ್ನ ಸ್ವಂತ ಅನುಭವ. ಆ ಊರುಗಳಲ್ಲಿ ಮಕ್ಕಳೇ ಇಲ್ಲ ಎಂಬಂತೆ ಅಂಕಿ ಬಂದಾಗ ವಲಸೆಯ ಬಗ್ಗೆ ಎರಡು ಪುಟ ವಿಶ್ಲೇಷಣೆ ಬರೆದಿದ್ದೆ. ಅಂಗನವಾಡಿಯ ಹಾಜರಿ ಪುಸ್ತಕ ನೋಡಿದ ಮೇಲೆ ಹರಿದುಹಾಕಿದೆ.

## ಹಂತ 7: ಎರಡು ಸಮೀಕ್ಷೆಗಳ ನಡುವಿನ ದಿನಗಳು

ಘಟಕದ ನೀರಿನ ಮೀಟರಿನ ಫೋಟೋ ಪ್ರತಿ ಸೋಮವಾರ ಬರಲಿ. ನಿರ್ವಾಹಕರ ಪುಸ್ತಕದ ಅಂಕಿ, ಮೀಟರು, ನಾಣ್ಯದ ಪೆಟ್ಟಿಗೆಯ ಹಣ, ವಿದ್ಯುತ್ ಬಿಲ್ಲು ನಾಲ್ಕೂ ಒಂದಕ್ಕೊಂದು ಹೊಂದಬೇಕು. ಪುಸ್ತಕದಲ್ಲಿ ದಿನಕ್ಕೆ ಸಾವಿರ ಲೀಟರ್, ಬಿಲ್ಲಿನಲ್ಲಿ ಕನಿಷ್ಠ ಶುಲ್ಕ ಎಂದಾದರೆ ಅಲ್ಲಿಗೆ ಹೋಗಿ. ಫೋನ್ ಮಾಡಿ ಹೋಗಬೇಡಿ. ಎಲ್ಲ ಊರುಗಳಿಂದಲೂ ಪ್ರತಿ ತಿಂಗಳು ಶೇ. 100 ಸಾಧನೆ ಬರುತ್ತಿದ್ದರೆ ಅದೂ ಅಪಾಯದ ಗಂಟೆಯೇ.

ಹೊರಗಿನ ಮೌಲ್ಯಮಾಪಕರನ್ನು ಕೊನೆಯ ಮೂರು ತಿಂಗಳಿಗೆ ಕರೆಯುವುದಕ್ಕಿಂತ ಮೊದಲಿನಿಂದಲೇ ಇಟ್ಟುಕೊಳ್ಳುವುದು ಮೇಲು. 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಈ ಹೊಣೆಯನ್ನು ಇಸ್ರೋದ ವಾಣಿಜ್ಯ ಅಂಗವಾದ ಆ್ಯಂಟ್ರಿಕ್ಸ್ ಹೊತ್ತಿತ್ತು. ಉಪಗ್ರಹ ಚಿತ್ರವನ್ನೂ ಮನೆಮನೆಯ ಸಮೀಕ್ಷೆಯನ್ನೂ ಜೊತೆಗಿಟ್ಟು ನೋಡಿದ್ದರಿಂದ, ಕೆಲಸ ನಡೆಯುತ್ತಿರುವಾಗಲೇ ತಿದ್ದಲು ಅವಕಾಶವಿತ್ತು. ನಿಮಗೆ ಉಪಗ್ರಹ ಬೇಕಿಲ್ಲ. ಸಂಬಳ ಬೇರೆ ಕಡೆಯಿಂದ ಬರುವ, ಆರು ತಿಂಗಳಿಗೊಮ್ಮೆ ಬಂದು ನೋಡುವ ಒಬ್ಬರು ಸಾಕು.

## ಹಂತ 8: ವರದಿ ಮತ್ತು ಕಡತ

ಯಾವ ಕೋಷ್ಟಕಗಳು ಬೇಕೆಂದು ಅಂಕಿ ಬರುವ ಮೊದಲೇ ಖಾಲಿ ಚೌಕಗಳಾಗಿ ಬರೆದಿಟ್ಟುಕೊಳ್ಳಿ. ಅಂಕಿ ಬಂದ ಮೇಲೆ ಹುಡುಕಲು ಹೊರಟರೆ ಎಲ್ಲೋ ಒಂದು ಕಡೆ ಒಳ್ಳೆಯ ಸುದ್ದಿ ಸಿಕ್ಕೇ ಸಿಗುತ್ತದೆ, ಅದು ತಲೆಬರಹಕ್ಕೆ ಏರುತ್ತದೆ. ಮೊದಲ ಪುಟದಲ್ಲಿ ಹಂತ 1ರ ಪ್ರಶ್ನೆ ಮತ್ತು ಅದಕ್ಕೆ ನೇರ ಉತ್ತರ ಇರಲಿ. ಕೆಟ್ಟ ಸುದ್ದಿಯಿದ್ದರೆ ದಾನಿಗೆ ವರದಿಗಿಂತ ಮೊದಲು ಫೋನಿನಲ್ಲಿ ಹೇಳಿ, ಜೊತೆಗೆ ನೀವು ಏನು ಬದಲಿಸಲಿದ್ದೀರಿ ಎಂಬುದನ್ನೂ ಹೇಳಿ. "ಘಟಕವನ್ನು ಬೆಳಗ್ಗೆ ಐದೂವರೆಗೆ ತೆರೆಯುತ್ತೇವೆ, ಹತ್ತು ಲೀಟರಿನ ಕೊಡಕ್ಕೂ ನೀರು ಕೊಡುತ್ತೇವೆ" ಎಂಬ ಮಾತಿಗೆ ಹಣ ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಕರಡನ್ನು ಊರಿನವರ ಮುಂದೆ ಓದಿ. ಪವರ್‌ಪಾಯಿಂಟ್ ಬೇಡ, ಗ್ರಾಮ ಪಂಚಾಯಿತಿಯ ಜಗಲಿಯಲ್ಲಿ, ಕೂಲಿಯವರು ಮರಳಿದ ಮೇಲೆ, ಐದು ಅಂಕಿ ಹೇಳಿ "ಇದು ನಿಜವೇ?" ಎಂದು ಕೇಳಿ. ಅವರು ನಕ್ಕರೆ ಅಂಕಿಯನ್ನು ಮತ್ತೆ ನೋಡಿ.

ಕಡೆಗೆ ಕಡತ. ಅಂತಿಮ ಸಮೀಕ್ಷೆಗೆ ಬರುವ ತಂಡದಲ್ಲಿ ನೀವು ಇರುವುದಿಲ್ಲ ಎಂದೇ ತಿಳಿದು ಬರೆದಿಡಿ: ಯಾವ ಮನೆಗೆ ಯಾವ ಸಂಖ್ಯೆ, ಮನೆ ಗುರುತಿಸುವ ಬಗೆ (ಬೇವಿನ ಮರದ ಎದುರು ಎಂದಿದ್ದರೆ ಜಿಪಿಎಸ್ ಕೂಡ, ಮರ ಬಿದ್ದೀತು), ಪ್ರತಿ ಉತ್ತರಕ್ಕೆ ಕೊಟ್ಟ ಸಂಕೇತದ ಅರ್ಥ, ಎರಡೂ ಭಾಷೆಗಳ ಪ್ರಶ್ನಾವಳಿ, ಯಾವ ಕಿಟ್ಟಿನಿಂದ ಫ್ಲೋರೈಡ್ ಅಳೆದಿರಿ ಎಂಬ ವಿವರ. ಒಂದು ಪ್ರತಿ ಕಚೇರಿಯಲ್ಲಿ, ಒಂದು ದಾನಿಯ ಬಳಿ ಇರಲಿ. ಕೆಲಸ ಬಿಟ್ಟುಹೋಗುವ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ, ಅವರ ಬೀಳ್ಕೊಡುಗೆಯ ದಿನ ಹಾರ ಹಾಕುವ ಮೊದಲು ಕಡತ ಇಸಿದುಕೊಳ್ಳಿ.